ಬಳೆ ಹೋಗಿ ಬಾಳೆಯಾದ ಹಾಡು

ನಮ್ಮ ನಾಟಕದ ಎರಡನೇ ಪ್ರದರ್ಶನ. ಗಂಡ ಸತ್ತು ಹತ್ತು ವರ್ಷವಾದ ಮುದುಕಿಯೊಬ್ಬಳು ಬಳೆ ಮಾರುವವಳ ಮುಂದೆ ಕೂತು, ಅತ್ತಿತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬರಿಗೈ ಚಾಚಿ ಹಾಡುತ್ತಾಳೆ: ನನಗೂ ಬಳೆ ಬೇಕು. ರಿಹರ್ಸಲ್ಲಿನಲ್ಲಿ ಎಲ್ಲರೂ ಕಣ್ಣೊರೆಸಿಕೊಂಡಿದ್ದ ಜಾಗ ಅದು. ಅವತ್ತು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ವಿಂಗಿನಲ್ಲಿ ಕೀಬೋರ್ಡ್ ಮುಂದೆ ಕೂತಿದ್ದ ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಮುಗಿದ ಮೇಲೆ ಹೊರಗೆ ಕಾಫಿ ಕುಡಿಯುತ್ತಿದ್ದಾಗ ಒಬ್ಬ ಅಜ್ಜಿ ಹತ್ತಿರ ಬಂದು, "ಚೆನ್ನಾಗಿತ್ತು ಕಣಮ್ಮ. ಆದ್ರೆ ಆಯಮ್ಮ ಅಷ್ಟೊಂದು ಅತ್ಕೊಂಡು ಬಾಳೆಹಣ್ಣು ಯಾಕೆ ಕೇಳಿದ್ಲು?" ಅಂದರು.

ಹಾಡಿದವಳದಲ್ಲ, ತಪ್ಪು ನನ್ನದು. 'ಬಳೆ'ಯ ಮೊದಲಕ್ಷರದ ಮೇಲೆ ನಾಲ್ಕು ಮಾತ್ರೆ ಎಳೆತ ಇಟ್ಟಿದ್ದೆ. ಕೀಬೋರ್ಡಿನಲ್ಲಿ ಮೊದಲು ರಾಗ ಹುಟ್ಟಿತ್ತು, ಅದರೊಳಕ್ಕೆ ಮಾತು ತುರುಕಿದ್ದೆ. ಕನ್ನಡದಲ್ಲಿ ಹ್ರಸ್ವವನ್ನು ಎಳೆದರೆ ರಾಗ ಮಾತ್ರ ಉದ್ದವಾಗುವುದಿಲ್ಲ, ಮಾತೇ ಬೇರೆಯಾಗಿಬಿಡುತ್ತದೆ. ತಳ ತಾಳವಾಗುತ್ತದೆ, ಮಡಿ ಮಾಡಿಯಾಗುತ್ತದೆ. ನಮ್ಮ ತಂಡದವರಿಗೆಲ್ಲ ಸ್ಕ್ರಿಪ್ಟು ಬಾಯಿಪಾಠ, ಹಾಗಾಗಿ ಕಿವಿಗೆ ಬಾಳೆ ಬಿದ್ದರೂ ತಲೆಯಲ್ಲಿ ಬಳೆಯೇ ಇತ್ತು. ದುಡ್ಡು ಕೊಟ್ಟು ಬಂದವರಿಗೆ ಆ ಸೌಲಭ್ಯವಿಲ್ಲ. ಅವರಿಗೆ ಒಂದೇ ಸಲ ಕೇಳಿಸುವುದು.

ಆ ರಾತ್ರಿಯೇ ಎಳೆತವನ್ನು ಕೊನೆಯ ಅಕ್ಷರಕ್ಕೆ ತಳ್ಳಿದೆ. ಬಳೇ... ಎಂದು ಎಷ್ಟು ಹೊತ್ತು ನಿಂತರೂ ಅದು ಬಳೆಯೇ. ಬೀದಿಯಲ್ಲಿ ಸೊಪ್ಪಿನವರು, ಹೂವಿನವರು ಕೂಗುವುದನ್ನು ಕೇಳಿ ನೋಡಿ, ಎಳೆಯುವುದೆಲ್ಲ ಪದದ ಬಾಲವನ್ನು. ಮೂರನೇ ಪ್ರದರ್ಶನದಲ್ಲಿ ಯಾರೂ ನಗಲಿಲ್ಲ.

ಇದನ್ನು ನಾನು ಮನೆಯಲ್ಲೇ ಕಲಿತಿರಬೇಕಿತ್ತು. ಅಪ್ಪ ಹಾರ್ಮೋನಿಯಂ ಮೇಷ್ಟ್ರು. ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಗುಬ್ಬಿ ನಮ್ಮೂರಿಗೆ ಹತ್ತಿರ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಥೆಗಳನ್ನು ಅಪ್ಪ ತಾವೇ ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು, ಕಂಡಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಊರಿನವರು ಬಂದು ವೀಳ್ಯ ಕೊಟ್ಟರೆ ಮೂರು ತಿಂಗಳು ಅಲ್ಲಿ ಸಂಜೆ ತಾಲೀಮು. ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ದುರ್ಯೋಧನನಿಗೆ ಹೆಚ್ಚು, ದೂತನಿಗೆ ಕಡಿಮೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತಿತ್ತು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಿದ್ದರು. ರಾತ್ರಿ ಶುರುವಾದರೆ ಬೆಳಗಿನ ಜಾವ ಮುಗಿಯುತ್ತಿತ್ತು. ಶ್ರುತಿಯೇ ನಿಲ್ಲದ ದುರ್ಯೋಧನನನ್ನು ಇಟ್ಟುಕೊಂಡು ಅಪ್ಪ ಕಂದಪದ್ಯಕ್ಕೆ ವನ್ಸ್‌ಮೋರ್ ಹೊಡೆಸುತ್ತಿದ್ದರು. ಅವನ ಗಂಟಲು ಎಲ್ಲಿ ಸುಖವಾಗಿದೆಯೋ ಆ ಮನೆಗೆ ಶ್ರುತಿ ಇಳಿಸಿ, ಅವನಿಗೆ ಹತ್ತದ ಸಂಗತಿಯನ್ನು ತಾವೇ ಪೆಟ್ಟಿಗೆಯಲ್ಲಿ ನುಡಿಸಿಬಿಡುವುದು ಅವರ ಉಪಾಯ. ಹಾಡುವವನನ್ನು ನೋಡಿ ಹಾಡು ಮಾಡಬೇಕು ಅನ್ನುವುದು ನನಗೆ ಸಿಕ್ಕ ಆಸ್ತಿ.

ಬೆಂಗಳೂರಿಗೆ ಬಂದದ್ದು ಬಿ.ಕಾಂ. ಮುಗಿಸಿ, ಲೆಕ್ಕಪತ್ರದ ಕೆಲಸಕ್ಕೆ. ಸಂಜೆ ಒಂದು ಹವ್ಯಾಸಿ ತಂಡದಲ್ಲಿ ಕೀಬೋರ್ಡ್. ಐದು ವರ್ಷದ ಸಂಭಾವನೆ ಬಸ್ ಚಾರ್ಜು ಮತ್ತು ಉಪ್ಪಿಟ್ಟು. ಬೇರೆಯವರ ನಾಟಕಕ್ಕೆ ಸಂಗೀತ ಮಾಡಿ ಮಾಡಿ ಒಂದು ಸಿಟ್ಟು ಬೆಳೆದಿತ್ತು: ಎಲ್ಲ ಬರೆದು ಮುಗಿಸಿ, ಕೊನೆಗೆ "ಇಲ್ಲೊಂದು ಹಾಡು ಹಾಕಿ ಮೇಡಂ" ಅನ್ನುತ್ತಾರೆ, ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ. ನನ್ನದೇ ನಾಟಕ ಬರೆಯಲು ಕೂತಾಗ ಇಟ್ಟುಕೊಂಡ ನಿಯಮ ಒಂದೇ. ಹಾಡು ಮುಗಿಯುವ ಹೊತ್ತಿಗೆ ಯಾರೋ ಏನೋ ತೀರ್ಮಾನ ಮಾಡಿರಬೇಕು. ಹಾಡು ತೆಗೆದರೂ ಕಥೆ ಮುಂದೆ ಹೋಗುತ್ತದೆಯೇ, ಹಾಗಿದ್ದರೆ ಹಾಡನ್ನು ತೆಗೆ. ಹನ್ನೊಂದು ಹಾಡು ಬರೆದಿದ್ದೆ, ಆರು ಉಳಿದವು. ತೆಗೆದವುಗಳಲ್ಲಿ ಎರಡು ಬಹಳ ಚೆಂದದ ಹಾಡುಗಳಿದ್ದವು, ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ತೀರ್ಮಾನಕ್ಕೆ ಬೈಗುಳ ತಿಂದೆ: ಕೋರಸ್ ಬೇಡ ಅಂದೆ. ಬಿ.ವಿ. ಕಾರಂತರು ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿದ್ದವರು, 1989ರಲ್ಲಿ ಮೈಸೂರಿನ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರು. ನಾಟಕದಲ್ಲಿ ಪೆಟ್ಟಿಗೆ ತಬಲವಷ್ಟೇ ಅಲ್ಲ, ಯಾವ ಸದ್ದು ಬೇಕಾದರೂ ಸಂಗೀತವಾದೀತು ಅಂತ ಕನ್ನಡದ ಕಿವಿಯನ್ನೇ ಅಗಲ ಮಾಡಿದವರು. ಆದರೆ ಅವರ ನಂತರ ನಾವು ಕಲಿತದ್ದು ಮಾತ್ರ ತಮಟೆ, ನಗಾರಿ, ಹತ್ತು ಜನ ಅರ್ಧವೃತ್ತದಲ್ಲಿ ನಿಂತು ಗಟ್ಟಿಯಾಗಿ ಹಾಡುವುದು. ಹತ್ತು ಜನ ಗಟ್ಟಿಯಾಗಿ ಹಾಡಿದರೆ ಒತ್ತಕ್ಷರ ಒಂದೂ ಕೇಳಿಸುವುದಿಲ್ಲ. ಅದಕ್ಕೆ ನನ್ನ ನಾಟಕದಲ್ಲಿ ಒಂದು ಸಲಕ್ಕೆ ಒಬ್ಬರು, ಹೆಚ್ಚೆಂದರೆ ಇಬ್ಬರು.

ಆ ಇಬ್ಬರು ಹಾಡುವುದು ಜಗಳದ ಹಾಡು, ಅಂಗಡಿ ಬಾಡಿಗೆಗೆ ಅಣ್ಣ ತಂಗಿ ಕಾದಾಡುವುದು. ಎಷ್ಟು ಬರೆದರೂ ನಾಲ್ಕರ ನಡೆಯಲ್ಲಿ ಅದು ಮಕ್ಕಳ ಪದ್ಯದ ಹಾಗೆ ಕೇಳುತ್ತಿತ್ತು. ಶಾಲೆಯಲ್ಲಿ ಪ್ರಸ್ತಾರ ಹಾಕಿ ಕಲಿತ ಭಾಮಿನಿ ಷಟ್ಪದಿ ನೆನಪಾಯಿತು, ಮೂರು ನಾಲ್ಕು, ಮೂರು ನಾಲ್ಕು. ಆ ನಡೆಯಲ್ಲಿ ಬರೆದಾಗ ಪ್ರತಿ ಸಾಲೂ ಮುಂದಿನದರ ಕಾಲು ತುಳಿಯುತ್ತ ಓಡಿತು, ಜಗಳದಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವ ಹಾಗೆ. ಬೇಸ್ ಗಿಟಾರಿನ ಹುಡುಗ ಕೇಳಿ, "ಅಕ್ಕಾ, ಇದು ಸೆವೆನ್ ಏಯ್ಟ್, ಸಖತ್ತಾಗಿದೆ" ಅಂದ. ಫೋನಿನಲ್ಲಿ ಕೇಳಿಸಿದರೆ ಅಪ್ಪ, "ಮಿಶ್ರಛಾಪು, ಇದ್ರಲ್ಲೇನು ಹೊಸದು" ಅಂದರು. ಮೂವರೂ ಒಂದನ್ನೇ ಹೇಳುತ್ತಿದ್ದೆವು, ಮೂರು ನಾಲ್ಕು ಸೇರಿದ ಏಳರ ನಡೆ.

ಮೊದಲ ಹಾಡಿನ ಕಥೆ ಬೇರೆ. ಎಷ್ಟೋ ಕಡೆ ನಾಟಕ ಶುರುವಾಗಿ ಇಪ್ಪತ್ತು ನಿಮಿಷದವರೆಗೂ ಜನ ಟಾರ್ಚ್ ಹಾಕಿಕೊಂಡು ಸೀಟು ಹುಡುಕುತ್ತಿರುತ್ತಾರೆ. ಅಂಥ ಕಡೆ ಮೊದಲ ಹಾಡಿನಲ್ಲಿ ಕಥೆ ಇಡಬಾರದು. ಹಳ್ಳಿಯ ನಾಟಕದಲ್ಲಿ ಉದ್ದದ ಪ್ರಾರ್ಥನೆ ಇರುವುದಕ್ಕೆ ಭಕ್ತಿಯಷ್ಟೇ ಕಾರಣವಲ್ಲ ಅಂತ ನನ್ನ ಗುಮಾನಿ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ರಂಗಶಂಕರದಲ್ಲಿ ಹೇಳಿದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ತಡವಾದವರಿಗೆ ಪ್ರವೇಶವಿಲ್ಲ. ಈ ಶಿಸ್ತಿನ ಬಗ್ಗೆ ಗೊಣಗುವವರುಂಟು, ನನಗಂತೂ ಅದು ವರ. ಅಲ್ಲಿಗೆ ಹೋಗುವಾಗ ಮೊದಲ ಹಾಡನ್ನೇ ಬೇರೆ ಬರೆದೆ. ಮೊದಲ ಸಾಲಿನಲ್ಲೇ ಅಂಗಡಿ ಖಾಲಿ ಮಾಡುವ ನೋಟಿಸು ಬಂದಿರುತ್ತದೆ.

ದುಡ್ಡಿನ ಮಾತು. ಮೊದಲ ಪ್ರದರ್ಶನಕ್ಕೆ 200 ರೂಪಾಯಿ ಟಿಕೆಟ್, 150 ಜನ ಬಂದರು, 30,000 ಆಯಿತು. ಹಾಲು, ಲೈಟು, ಮೇಕಪ್ಪು, ಟೆಂಪೊ, ಊಟ, ಐದು ಜನ ವಾದ್ಯದವರಿಗೆ ತಲಾ 2,000, ಎಲ್ಲ ಸೇರಿ 41,000. ಲೆಕ್ಕಪತ್ರ ಓದಿದ ನನಗೆ ಈ ಕಳೆಯುವ ಲೆಕ್ಕ ಕಷ್ಟವಾಗಲಿಲ್ಲ. ಒಂದೇ ಸಮಾಧಾನ, ತಲೆಗೆ 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ವಾದ್ಯದವರು ಐದು ಜನ ಇದ್ದದ್ದು ಮೂವರಾದರು. ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ಹಾಕಿಬಿಡಿ, ಖರ್ಚೇ ಇಲ್ಲ ಅಂದರು ಕೆಲವರು. ಮುದುಕಿ ಅವತ್ತು ಎಷ್ಟು ಹೊತ್ತು ಕೈ ನೋಡಿಕೊಳ್ಳುತ್ತಾಳೋ ಟ್ರ್ಯಾಕಿಗೆ ಹೇಗೆ ಗೊತ್ತಾಗಬೇಕು?

ಹೊಟ್ಟೆ ತುಂಬಿಸಿದ್ದು ಗಣೇಶ ಮತ್ತು ನವೆಂಬರ್. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ, ರಾಜ್ಯೋತ್ಸವಕ್ಕೆ ಬಡಾವಣೆಗಳಲ್ಲಿ, ಐಟಿ ಕಂಪನಿಗಳ ಕನ್ನಡ ಬಳಗಗಳಲ್ಲಿ ಕಾರ್ಯಕ್ರಮ. ನಮ್ಮ ನವೆಂಬರ್ ಒಂದನೇ ತಾರೀಖಿಗೆ ಶುರುವಾಗಿ ಡಿಸೆಂಬರ್ ಮಧ್ಯದವರೆಗೂ ನಡೆಯುತ್ತದೆ ಎನ್ನುವುದು ಆರ್ಕೆಸ್ಟ್ರಾದವರಿಗೆಲ್ಲ ಗೊತ್ತು. ಅಲ್ಲಿ ಜನಕ್ಕೆ ಬೇಕಾದ್ದು ಅಣ್ಣಾವ್ರ ಹಾಡು. ಸ್ವಂತದ್ದು ಹಾಡುತ್ತೇನೆ ಅಂತ ಮೈಕಿನಲ್ಲಿ ಹೇಳಿದರೆ ಕುರ್ಚಿ ಸದ್ದು ಕೇಳುತ್ತದೆ. ಅದಕ್ಕೆ ಹೇಳುವುದನ್ನೇ ಬಿಟ್ಟೆ. ಮೂರು ಗೊತ್ತಿರುವ ಹಾಡು, ನಾಲ್ಕನೆಯದು ನನ್ನದು, ನಡುವೆ ಚಪ್ಪಾಳೆಗೂ ಬಿಡದೆ ತಾಳ ನಿಲ್ಲಿಸದೆ ಒಳಗೆ ನುಗ್ಗುವುದು. ಎರಡನೇ ಪಲ್ಲವಿಗೆ ಮುಂದಿನ ಸಾಲಿನ ಮಕ್ಕಳು ಕೂಡ ಹಾಡಿದರೆ ಆ ಹಾಡು ರೆಕಾರ್ಡಿಂಗಿಗೆ, ಇಲ್ಲದಿದ್ದರೆ ತಿದ್ದುವುದಕ್ಕೆ.

ಹಾಗೆ ಪಾಸಾದ ಬಳೆ ಹಾಡನ್ನು 2019ರಲ್ಲಿ ಸಿಂಗಲ್ ಆಗಿ ಬಿಡುಗಡೆ ಮಾಡಿದೆ. ನಾಟಕದಲ್ಲಿ ಅದಕ್ಕೆ ಮೊದಲು ನಲವತ್ತು ಸೆಕೆಂಡು ಬರೀ ಗಾಜಿನ ಸದ್ದು. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಒಂದು ಎಣಿಕೆ, ಅಂದರೆ ಮುದುಕಿ ಬಾಯಿ ತೆರೆಯುವ ಮೊದಲೇ ಕೇಳುಗ ಮುಂದಿನ ಹಾಡಿಗೆ ಹೋಗಿರುತ್ತಾನೆ. ಗಾಜಿನ ಸದ್ದನ್ನು ತಾಳ ಮಾಡಿಕೊಂಡು ಎಂಟನೇ ಸೆಕೆಂಡಿಗೆ ದನಿ ತಂದೆ. ಫೋನಿನಲ್ಲಿ ಕೇಳುವವನಿಗೆ ಇವಳು ಯಾರು, ಗಂಡ ಯಾವಾಗ ಸತ್ತ ಒಂದೂ ಗೊತ್ತಿಲ್ಲವಲ್ಲ, ಹಾಗಾಗಿ ಮೊದಲ ಚರಣವನ್ನು ಹೊಸದಾಗಿ ಬರೆದೆ. ತಮಾಷೆ ಆದದ್ದು ಹೆಸರಿನಲ್ಲಿ. ಜನ ಹಾಡು ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ. ಆ ಅಕ್ಷರದಲ್ಲಿ ಬಳೆ, ಬಲೆ, ಬಾಲೆ, ಬಾಳೆ ನಾಲ್ಕೂ ಒಂದೇ! ಬಾಳೆ ನನ್ನ ಬೆನ್ನು ಬಿಡುವುದಿಲ್ಲ ಅಂತ ಅವತ್ತೇ ಗೊತ್ತಾಯಿತು. ಹೆಸರಿಗೆ ಇನ್ನೊಂದು ಪದ ಸೇರಿಸಿದ ಮೇಲೆ ಹಾಡು ಕೈಗೆ ಸಿಗತೊಡಗಿತು.

ಅದಕ್ಕಿಂತ ಮೊದಲೊಂದು ಪೆದ್ದುತನ ಮಾಡಿದ್ದೆ. ನನ್ನ ಮೊದಲ ಪಾಪ್ ಹಾಡನ್ನು ಒಂದು ಕಂಪನಿಗೆ 15,000 ರೂಪಾಯಿಗೆ ಬರೆದುಕೊಟ್ಟಿದ್ದೆ. ಎರಡನೇ ಪುಟ ಓದಲಿಲ್ಲ. ಸಾಹಿತ್ಯ, ರಾಗ, ಧ್ವನಿ, ಎಲ್ಲ ಅವರದು, ಶಾಶ್ವತವಾಗಿ. ಆ ಹಾಡಿನ ಎರಡು ಸಾಲನ್ನು ನನ್ನ ನಾಟಕದಲ್ಲೇ ಬಳಸಲು ನಾನೇ ಅವರಿಗೆ ಅರ್ಜಿ ಬರೆದೆ, ಉತ್ತರ ಬರಲಿಲ್ಲ. ಸಾಲು ತೆಗೆದೆ. ಆಮೇಲೆ ಕೂತು ಓದಿಕೊಂಡೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ, ಹಾಡನ್ನು ಮಾರಿದರೂ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಕಂಪನಿ ಬರೆಸಿಕೊಳ್ಳುವಂತಿಲ್ಲ. ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ ಅದು ಐದು ವರ್ಷಕ್ಕೆ ಅಂತ ಲೆಕ್ಕ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ನನ್ನದರಲ್ಲಿ ಎರಡನ್ನೂ ಸರಿಯಾಗಿಯೇ ಬರೆದಿದ್ದರು, ಬುದ್ಧಿವಂತರು. ಈಗ ನಾನು ಐಪಿಆರ್‌ಎಸ್ ಸದಸ್ಯೆ, ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ ಅದು. ನಾಟಕಕ್ಕೆ ಯಾರು ಹಾಡು ಬರೆಸಿಕೊಂಡರೂ "ಈ ನಾಟಕದ ಪ್ರದರ್ಶನಕ್ಕೆ ಮಾತ್ರ" ಅಂತ ಒಂದು ಸಾಲು ಹಾಕಿಸುತ್ತೇನೆ. ಕೆಲವರು ಮುಖ ಸಣ್ಣಗೆ ಮಾಡುತ್ತಾರೆ, ಸಹಿ ಹಾಕುತ್ತಾರೆ.

ಕೆಲಸ ಬಿಟ್ಟು ಏಳು ವರ್ಷವಾಯಿತು. ಪೂರ್ತಿ ಬಿಟ್ಟೆ ಅನ್ನುವುದೂ ಸುಳ್ಳು. ಮಾರ್ಚಿನಲ್ಲಿ ಇಬ್ಬರು ಪರಿಚಯದವರ ಅಂಗಡಿಯ ಲೆಕ್ಕ ಬರೆದುಕೊಡುತ್ತೇನೆ, ಆ ತಿಂಗಳು ಕಾರ್ಯಕ್ರಮ ಕಡಿಮೆ.

ಹೊಸ ನಾಟಕದ ತಾಲೀಮು ನಡೆಯುತ್ತಿದೆ. ಡ್ರಮ್ಮಿಗೆ ಹೊಸ ಹುಡುಗ, ಏಳರ ನಡೆ ಇನ್ನೂ ಅವನ ಕೈಗೆ ಹತ್ತಿಲ್ಲ. ಕಳೆದ ವಾರದ ರೆಕಾರ್ಡಿಂಗನ್ನು ಅಪ್ಪನಿಗೆ ವಾಟ್ಸ್ಯಾಪ್ ಮಾಡಿದ್ದೆ. ರಾತ್ರಿ ಹತ್ತಕ್ಕೆ ಫೋನು ಬಂತು.

"ಸಾಹಿತ್ಯ ಎಲ್ಲಾ ಕೇಳಿಸ್ತದೆ ಕಣಮ್ಮ. ಆ ಡ್ರಮ್ಮಿನ ಹುಡುಗ ಮಾತ್ರ ಏಳಕ್ಕೆ ಎಂಟು ಹೊಡೀತಾವ್ನೆ. ಭಾನುವಾರ ಬಸ್ ಹತ್ಸಿ ಕಳ್ಸು ಇಲ್ಲಿಗೆ. ಬರೋವಾಗ ಆ ದೊಡ್ಡ ಡ್ರಮ್ಮು ತರೋದು ಬ್ಯಾಡ ಅನ್ನು, ಮನೇಲಿ ಒಳಕಲ್ಲಿದೆ."