ಪಾತ್ರ ಮೊದಲು, ಮಿನಿಯೇಚರ್ ಆಮೇಲೆ: ನಾನು ಆರಿಸಿಕೊಂಡು ಬಂದ ಬಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಗೆಳೆಯರಿಗೆ ದಾಳ ಉರುಳಿಸುತ್ತಾ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಆಡಿಸುವ, ಕಥೆ ನಡೆಸುವ ಡಂಜನ್ ಮಾಸ್ಟರ್ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಈ ಗುಂಪಿಗೆ ಹೊಸದಾಗಿ ಬರುವವರು ದಾಳ ಕೈಗೆತ್ತಿಕೊಳ್ಳುವ ಮೊದಲೇ ಎರಡು ಪ್ರಶ್ನೆ ಕೇಳುತ್ತಾರೆ. ನನ್ನ ಪಾತ್ರದ ಗುರುತಾಗಿ ಮೇಜಿನ ಮೇಲೆ ನಿಲ್ಲಿಸಲು ಯಾವ ಮಿನಿಯೇಚರ್, ಅಂದರೆ ಪುಟ್ಟ ಬೊಂಬೆ, ತರಿಸಲಿ? ನಿಯಮಗಳ ಮೂಲ ಪುಸ್ತಕದ ಜೊತೆಗೆ ಇನ್ಯಾವ ಪೂರಕ ಪುಸ್ತಕ ಕೊಳ್ಳಲಿ? ಎರಡಕ್ಕೂ ನಾನು ಕೊಡುವ ಉತ್ತರ ಒಂದೇ: ಪಾತ್ರ ಆಡುತ್ತಾ ಬಲಿತು ಮೂರನೆಯ ಲೆವೆಲ್ (ಮೆಟ್ಟಿಲು) ತಲುಪುವವರೆಗೆ ಏನನ್ನೂ ಕೊಳ್ಳಬೇಡಿ. ಆ ಪಾತ್ರ ಮೇಜಿನ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಆಡುತ್ತಾ ಆಡುತ್ತಾ ತಿಳಿಯುತ್ತದೆ. ಅದು ತಿಳಿದ ಮೇಲೆ ಪುಸ್ತಕವೂ ಮಿನಿಯೂ ಬಹುಮಟ್ಟಿಗೆ ತಾವಾಗಿಯೇ ನಿರ್ಧಾರವಾಗುತ್ತವೆ.

ಮೂರನೆಯ ಲೆವೆಲ್ ಎಂದು ಗೆರೆ ಎಳೆಯುವುದಕ್ಕೆ ಕಾರಣವಿದೆ. ಪಾತ್ರದ ಕಸುಬಿಗೆ ಈ ಆಟದಲ್ಲಿ ಕ್ಲಾಸ್ ಎಂದೂ, ಅದರೊಳಗಿನ ವಿಶೇಷ ಶಾಖೆಗೆ ಸಬ್‌ಕ್ಲಾಸ್ ಎಂದೂ ಹೆಸರು. 2014ರ ಐದನೆಯ ಆವೃತ್ತಿಯಲ್ಲಿ ಕ್ಲೆರಿಕ್, ಸಾರ್ಸರರ್, ವಾರ್‌ಲಾಕ್ ಪಾತ್ರಗಳು ಮೊದಲ ಲೆವೆಲ್‌ನಲ್ಲಿಯೇ, ವಿಝರ್ಡ್ ಮತ್ತು ಡ್ರೂಯಿಡ್ ಎರಡನೆಯದರಲ್ಲಿ, ಉಳಿದವು ಮೂರನೆಯದರಲ್ಲಿ ತಮ್ಮ ಸಬ್‌ಕ್ಲಾಸ್ ಆರಿಸಿಕೊಳ್ಳಬೇಕಾಗಿತ್ತು. 2024ರ ಪರಿಷ್ಕೃತ ಮೂಲ ಪುಸ್ತಕ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಹನ್ನೆರಡೂ ಕ್ಲಾಸ್‌ಗಳಿಗೆ ಈ ಆಯ್ಕೆಯನ್ನು ಮೂರನೆಯ ಲೆವೆಲ್‌ಗೇ ನಿಲ್ಲಿಸಿತು. ಆಟಗಾರನಿಗೆ ಪೂರಕ ಪುಸ್ತಕದಿಂದ ಸಿಗುವ ಮುಖ್ಯ ಲಾಭವೇ ಹೊಸ ಸಬ್‌ಕ್ಲಾಸ್‌ಗಳಾದ್ದರಿಂದ, ಅದಕ್ಕೆ ಮೊದಲು ಪುಸ್ತಕ ಕೈಯಲ್ಲಿದ್ದರೂ ಅದರ ಬಹುಪಾಲು ಪುಟಗಳು ಕೆಲಸಕ್ಕೆ ಬರುವುದಿಲ್ಲ. ಆರಂಭಕ್ಕೆ ಬೇಕಾದ ನಿಯಮಗಳಂತೂ ಉಚಿತವಾಗಿಯೇ ಇವೆ. ಎಸ್‌ಆರ್‌ಡಿ 5.1 ಎಂಬ ನಿಯಮಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿಯಲ್ಲಿ ಬಿಡುಗಡೆ ಮಾಡಲಾಯಿತು. ಪ್ರತಿ ಕ್ಲಾಸ್‌ಗೂ ಒಂದೊಂದು ಸಬ್‌ಕ್ಲಾಸ್ ಅದರಲ್ಲಿದೆ. ನಮ್ಮ ಗುಂಪಿನಲ್ಲಿ ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ.

ಅಲ್ಲಿಯವರೆಗೆ ಮೇಜಿನ ಮೇಲೆ ಏನಿಡುವುದು? ಚೌಕಾಬಾರ ಆಡಿದ ಮನೆಗಳಲ್ಲಿ ಇದಕ್ಕೆ ಕೊರತೆಯೇ ಇಲ್ಲ. ಬಳೆ ಚೂರು, ಹುಣಸೆ ಬೀಜ, ಕವಡೆ, ಎಲ್ಲವೂ ಆಗುತ್ತದೆ. ಸ್ವಲ್ಪ ಅಂದವಾಗಿರಲಿ ಎನ್ನುವವರಿಗೆ ದಪ್ಪ ಕಾಗದದ ಮೇಲೆ ಚಿತ್ರ ಮುದ್ರಿಸಿ, ಮಡಚಿ ನಿಲ್ಲಿಸಿದ ಕಾಗದದ ಬೊಂಬೆಗಳು ಸಾಕು. ಅವುಗಳ ತಳಕ್ಕೆ ರಟ್ಟನ್ನು ದುಂಡಗೆ ಕತ್ತರಿಸಲು ನಾನು 2011ರ ಸರಣಿಯ ಎರಡು ರೂಪಾಯಿ ನಾಣ್ಯವನ್ನು ಅಳತೆಗೆ ಇಟ್ಟುಕೊಳ್ಳುತ್ತೇನೆ. ಅದರ ವ್ಯಾಸ 25 ಮಿಲಿಮೀಟರ್. ಮಧ್ಯಮ ಗಾತ್ರದ ಪಾತ್ರಕ್ಕೆ ಬೇಕಾದ ತಳದ ಅಳತೆಯೂ ಅಷ್ಟೇ.

ಪುಸ್ತಕದ ಆಯ್ಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಸರಸ್ವತಿಪುರಂನಿಂದ ಬರುವ ಕಾಲೇಜು ಹುಡುಗಿಯೊಬ್ಬಳು ರೇಂಜರ್ ಪಾತ್ರ ಹಿಡಿದಳು. ಪಕ್ಕದಲ್ಲಿ ತೋಳವೊಂದನ್ನು ಇಟ್ಟುಕೊಂಡ ಬೇಟೆಗಾತಿಯ ಚಿತ್ರ ಆಕೆಯ ಮನಸ್ಸಿನಲ್ಲಿತ್ತು. ಅದಕ್ಕೆ ತಕ್ಕ ಸಬ್‌ಕ್ಲಾಸ್ ‘ಬೀಸ್ಟ್ ಮಾಸ್ಟರ್’. 2014ರ ಪುಸ್ತಕದಲ್ಲಿದ್ದ ಅದರ ರೂಪ ದುರ್ಬಲವೆಂಬ ಮಾತು ಆಟಗಾರರಲ್ಲಿ ವ್ಯಾಪಕವಾಗಿತ್ತು. 2020ರ ‘ತಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್’ ಅದಕ್ಕೆ ಗಟ್ಟಿಯಾದ ಬದಲಿ ನಿಯಮ ಕೊಟ್ಟಿತು. ಹಾಗಾಗಿ ಆ ಪುಸ್ತಕ ಕೊಳ್ಳಬೇಕೆಂದು ಆಕೆ ಸಿದ್ಧಳಾಗಿದ್ದಳು. ಆದರೆ ಆಟದಲ್ಲಿ ಆಕೆ ಮಾಡುತ್ತಿದ್ದುದೇ ಬೇರೆ. ಪ್ರತಿ ಗುಹೆಯ ಬಾಯಲ್ಲೂ, ಪ್ರತಿ ಹಾಳು ಕೋಟೆಯ ಬಾಗಿಲಲ್ಲೂ, “ಅಣ್ಣ, ಪಂಜು ಹಚ್ಚಬೇಡಿ ಅಂತ ಹೇಳಿ, ನಾನೊಬ್ಬಳೇ ಮುಂದೆ ಹೋಗಿ ನೋಡ್ಕೊಂಡು ಬರ್ತೀನಿ” ಎನ್ನುತ್ತಿದ್ದಳು. ಕತ್ತಲೆಯೇ ಆಕೆಯ ಪಾತ್ರದ ನೆಲೆ ಎಂಬುದು ಇಡೀ ಗುಂಪಿಗೆ ಸ್ಪಷ್ಟವಾಯಿತು. ಕತ್ತಲಲ್ಲಿ ನೋಡಬಲ್ಲ ಜೀವಿಗಳ ಕಣ್ಣಿಗೂ ಕತ್ತಲಲ್ಲಿ ಬೀಳದೆ ಚಲಿಸುವ ‘ಗ್ಲೂಮ್ ಸ್ಟಾಕರ್’ ಇದಕ್ಕೆ ಹೇಳಿ ಮಾಡಿಸಿದ ಸಬ್‌ಕ್ಲಾಸ್. ಅದು ಮೊದಲು ಬಂದದ್ದು 2017ರ ‘ಝನಾಥಾರ್ಸ್ ಗೈಡ್ ಟು ಎವೆರಿಥಿಂಗ್’ ಎಂಬ ಪೂರಕ ಪುಸ್ತಕದಲ್ಲಿ. 2024ರ ಮೂಲ ಪುಸ್ತಕದಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ಹೀಗೆ ಪೂರಕದಲ್ಲಿದ್ದದ್ದು ಮೂಲಕ್ಕೆ ಸೇರಿಹೋಗಿರುವ ಸಂದರ್ಭಗಳು ಇರುವುದರಿಂದ, ಕೊಳ್ಳುವ ಮೊದಲು ಬೇಕಾದ ಸಬ್‌ಕ್ಲಾಸ್ ಈಗ ಎಲ್ಲೆಲ್ಲಿದೆ ಎಂದು ಹುಡುಕಿ ನೋಡುವ ಪದ್ಧತಿ ಇಟ್ಟುಕೊಂಡಿದ್ದೇನೆ. ‘ಬ್ಲೇಡ್‌ಸಿಂಗರ್’ ಎಂಬ ಕತ್ತಿವರಸೆಯ ಮಾಂತ್ರಿಕನೂ ಹಾಗೆಯೇ: 2015ರ ‘ಸ್ವೋರ್ಡ್ ಕೋಸ್ಟ್’ ಪುಸ್ತಕದಲ್ಲಿ ಬಂದವನು ಐದು ವರ್ಷದ ನಂತರ ‘ತಾಶಾಸ್’ನಲ್ಲಿ ಮತ್ತೆ ಅಚ್ಚಾದ. ಎರಡನ್ನೂ ಕೊಂಡವರು ಅವನಿಗಾಗಿ ಎರಡು ಸಲ ದುಡ್ಡು ತೆತ್ತಂತಾಯಿತು.

ಒಬ್ಬ ಆಟಗಾರನಿಗೆ ಮೂಲ ಪುಸ್ತಕದ ಜೊತೆಗೆ ಇನ್ನೊಂದೇ ಪುಸ್ತಕ ಎಂಬ ಮಿತಿಯನ್ನೂ ನಾನು ಪಾಲಿಸುತ್ತೇನೆ. ಅಧಿಕೃತ ಸಂಘಟಿತ ಆಟವಾದ ‘ಅಡ್ವೆಂಚರರ್ಸ್ ಲೀಗ್’ನಲ್ಲಿ ಹಿಂದೊಮ್ಮೆ ಇದೇ ನಿಯಮವಿತ್ತು. ನಾಲ್ಕಾರು ಪುಸ್ತಕಗಳಿಂದ ಒಂದೊಂದು ಬಲವನ್ನು ಹೆಕ್ಕಿ ಪೋಣಿಸಿದ ಪಾತ್ರಕ್ಕೆ ಲೆಕ್ಕದಲ್ಲಿ ಶಕ್ತಿ ಇರುತ್ತದೆ, ಆದರೆ ಅದು ಯಾರು, ಎಲ್ಲಿಂದ ಬಂತು, ಯಾಕೆ ಹೀಗೆ ಹೋರಾಡುತ್ತದೆ ಎಂದು ಕೇಳಿದರೆ ಆಟಗಾರನಿಗೇ ಉತ್ತರ ಹೊಳೆಯುವುದಿಲ್ಲ. ಇಷ್ಟರ ಮೇಲೂ ಇಡೀ ಗುಂಪಿಗೆ ಸೇರಿ ಒಂದೇ ಪೂರಕ ಪುಸ್ತಕ ಕೊಳ್ಳುವಷ್ಟು ಹಣವಿದ್ದರೆ ನಾನು ‘ಝನಾಥಾರ್ಸ್’ ಕಡೆಗೇ ವಾಲುತ್ತೇನೆ. ಪಾತ್ರದ ತಂದೆತಾಯಿ, ಒಡಹುಟ್ಟಿದವರು, ಬಾಲ್ಯ, ಬದುಕಿನ ತಿರುವುಗಳನ್ನು ದಾಳ ಉರುಳಿಸಿ ಕಟ್ಟಿಕೊಳ್ಳುವ ಕೋಷ್ಟಕಗಳು ಅದರಲ್ಲಿವೆ. ಕಥೆ ಕಟ್ಟಲು ಸಂಕೋಚಪಡುವವರಿಗೆ ಅವುಗಳಷ್ಟು ನೆರವಾದದ್ದನ್ನು ನಾನು ಬೇರೆ ಕಂಡಿಲ್ಲ. ಇಬ್ಬರೋ ಮೂವರೋ ಮಾತ್ರ ಆಡುವ ಮನೆಗಳಿಗೆ ‘ತಾಶಾಸ್’ ಮೇಲು, ಏಕೆಂದರೆ ಜೊತೆಗಾರ ಪಾತ್ರಗಳನ್ನು ಸರಳವಾಗಿ ನಡೆಸುವ ನಿಯಮ ಅದರಲ್ಲಿದೆ.

ಇನ್ನು ಮಿನಿಯೇಚರ್. ಮಾರಾಟದ ಚಿತ್ರಗಳಲ್ಲಿ ಮಿನಿಯನ್ನು ಹಿಗ್ಗಿಸಿ ತೋರಿಸಿರುತ್ತಾರೆ. ಕವಚದ ಗುಂಡಿ, ಕಣ್ಣಿನ ರೆಪ್ಪೆ, ಸೊಂಟದ ಚೀಲ ಎಲ್ಲವೂ ಮನಸೆಳೆಯುತ್ತವೆ. ಮೇಜಿನ ಮೇಲೆ ಇವು ಯಾವುವೂ ಕಾಣುವುದಿಲ್ಲ. ದಸರೆಯಲ್ಲಿ ಗೊಂಬೆ ಕೂರಿಸಿದಾಗ ಪಟ್ಟದ ಗೊಂಬೆ ಬಾಗಿಲಲ್ಲಿ ನಿಂತವರಿಗೂ ಗುರುತು ಸಿಗುವಂತೆ, ಮಿನಿಯ ಗುರುತು ಮೇಜಿನ ಆಚೆ ತುದಿಯಲ್ಲಿ ಕುಳಿತವರಿಗೆ ಸಿಗಬೇಕು. ಆದ್ದರಿಂದ ನಾನು ಮೊದಲು ನೋಡುವುದು ಹೊರಗೆರೆಯನ್ನು. ಚಿತ್ರವನ್ನು ಫೋನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕುಗ್ಗಿಸಿ, ಕಪ್ಪು ನೆರಳಿನಂತೆ ಕಂಡಾಗಲೂ ಇದು ನಮ್ಮ ಪಾತ್ರವೇ ಎನಿಸುತ್ತದೆಯೇ ಎಂದು ಪರೀಕ್ಷಿಸುತ್ತೇನೆ. ಎರಡನೆಯದಾಗಿ ನಿಲುವನ್ನು ನೋಡುತ್ತೇನೆ. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಬಿಲ್ಲುಗಾರರು ಬಾಣ ಹೂಡಿ ಎದೆ ಸೆಟೆಸಿ ನಿಂತಿರುತ್ತಾರೆ. ನಮ್ಮ ಹುಡುಗಿಯ ರೇಂಜರ್ ಹಾಗೆ ಎಂದೂ ನಿಂತವಳಲ್ಲ. ಒಂದು ಮೊಣಕಾಲೂರಿ, ಬಿಲ್ಲನ್ನು ನೆಲಕ್ಕೆ ಸಮವಾಗಿ ಹಿಡಿದು ಕಿವಿಗೊಟ್ಟಂತಿದ್ದ ಮಿನಿ ಸಿಕ್ಕಾಗ ಆಕೆ ಎರಡನೆಯ ಯೋಚನೆ ಮಾಡಲಿಲ್ಲ.

ಅಳತೆಯಲ್ಲಿ ಎಚ್ಚರ ಬೇಕು. ಈ ಆಟದಲ್ಲಿ ಮೇಜಿನ ಮೇಲೆ ಹಾಸುವ ನಕ್ಷೆಯ ಒಂದು ಚೌಕ ಒಂದಂಗುಲ, ಅದು ಐದು ಅಡಿ ಜಾಗಕ್ಕೆ ಸಮ. 28 ಮಿಲಿಮೀಟರ್ ಅಳತೆಯ ಮಿನಿಗಳು 25 ಮಿಲಿಮೀಟರ್ ತಳದ ಮೇಲೆ ಅದರೊಳಗೆ ಅಚ್ಚುಕಟ್ಟಾಗಿ ಕೂರುತ್ತವೆ. ಈಚೆಗೆ ಹೆಚ್ಚಾಗಿ ಸಿಗುವ 32 ಮಿಲಿಮೀಟರ್ ತಳದವು ಚೌಕದಿಂದ ಹೊರಗೆ ಚಾಚುತ್ತವೆ. ಬಾಗಿಲ ಇಕ್ಕಟ್ಟಿನಲ್ಲಿ ನಾಲ್ವರು ಕೈಕೈ ಮಿಲಾಯಿಸಿದಾಗ ಯಾರು ಯಾವ ಚೌಕದಲ್ಲಿದ್ದಾರೆ ಎಂಬುದೇ ತಿಳಿಯುವುದಿಲ್ಲ. ದೊಡ್ಡ ಜೀವಿಗಳಿಗೆ ಎರಡಂಗುಲ, ಅದಕ್ಕೂ ದೊಡ್ಡವಕ್ಕೆ ಮೂರಂಗುಲದ ತಳ ಬೇಕು.

ವಸ್ತುವಿನ ವಿಚಾರದಲ್ಲಿ ನನಗೆ ಹಿಡಿಸಿದ್ದು ಮೆತ್ತನೆಯ ಪ್ಲಾಸ್ಟಿಕ್ಕು. ರೀಪರ್ ಕಂಪನಿಯ ‘ಬೋನ್ಸ್’, ವಿಝ್‌ಕಿಡ್ಸ್‌ನ ‘ನೋಲ್ಝರ್ಸ್’ ಸಾಲಿನವು ಈ ಜಾತಿಗೆ ಸೇರಿದವು. ಕೈತಪ್ಪಿ ಬಿದ್ದರೆ ಒಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಬಾಗಿ ಬಂದ ಕತ್ತಿ, ಈಟಿಗಳನ್ನು ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೆಯೇ ನಿಲ್ಲುತ್ತವೆ. ತ್ರೀಡಿ ಪ್ರಿಂಟರ್‌ನಿಂದ ರೆಸಿನ್‌ನಲ್ಲಿ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ಕು) ಮುದ್ರಿಸಿದ ಮಿನಿಯಲ್ಲಿ ಕೆತ್ತನೆ ಅತ್ಯಂತ ಸೂಕ್ಷ್ಮವಾಗಿರುತ್ತದೆ, ಆದರೆ ತೆಳುವಾದ ಭಾಗಗಳು ಪಟ್ಟನೆ ಮುರಿಯುತ್ತವೆ. ಮನೆಯಲ್ಲಿ ಮುದ್ರಿಸುವವರು ಹಸಿ ರೆಸಿನ್ ಚರ್ಮಕ್ಕೆ ತಾಗದಂತೆ ಕೈಗವಸು ತೊಡಲೇಬೇಕು, ಕಿಟಕಿ ತೆರೆದಿಡಲೇಬೇಕು. ವಿನ್ಯಾಸದ ಕಡತ ಕೊಂಡಾಗ ಸಿಗುವ ಹಕ್ಕು ಸಾಮಾನ್ಯವಾಗಿ ಸ್ವಂತ ಬಳಕೆಗಷ್ಟೇ. ಮುದ್ರಿಸಿ ಮಾರುವವರು ಕಲಾವಿದರಿಂದ ಪ್ರತ್ಯೇಕ ಪರವಾನಗಿ ಪಡೆಯಬೇಕು. ಹೀಗಾಗಿ ಅಗ್ಗದ ಮುದ್ರಿತ ಮಿನಿ ಮಾರುವವರನ್ನು ನಾನು ಆ ಪರವಾನಗಿಯ ಬಗ್ಗೆ ಕೇಳಿಯೇ ಕೊಳ್ಳುತ್ತೇನೆ. ಹೊರದೇಶದಿಂದ ನೇರವಾಗಿ ತರಿಸುವವರು ಸುಂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು: ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿಯೇ ಶೇ 20ರಿಂದ ಶೇ 60ಕ್ಕೆ ಏರಿತು.

ನಮ್ಮ ಗುಂಪು ಆಡುವ ಕಥೆ ಪಾಳೆಯಗಾರರ ಕಾಲದ ಸೀಮೆಯಂಥ ಕಲ್ಪಿತ ನಾಡಿನಲ್ಲಿ ನಡೆಯುತ್ತದೆ. ಅಂಗಡಿಯ ಮಿನಿಗಳೋ ಯೂರೋಪಿನ ಉಕ್ಕಿನ ಕವಚ, ಕುಲಾವಿಯ ನಿಲುವಂಗಿ ತೊಟ್ಟಿರುತ್ತವೆ. ಮಂಡ್ಯದಿಂದ ರೈಲಿನಲ್ಲಿ ಬಂದುಹೋಗುವ ನಮ್ಮ ಮೇಷ್ಟ್ರ ಪಾತ್ರ ಕೋಟೆ ಬಾಗಿಲು ಕಾಯ್ದ ಹಳೆಯ ದಳವಾಯಿ. ಆತ ಕತ್ತಿ ಹಿರಿಯುವುದು ಅಪರೂಪ, ಬಾಗಿಲಿಗೆ ಅಡ್ಡ ನಿಂತು ಮಾತಿನಲ್ಲೇ ಎದುರಾಳಿಯನ್ನು ತಡೆಯುತ್ತಾನೆ. ಈಟಿಯನ್ನು ನೆಲಕ್ಕೂರಿ ಗುರಾಣಿ ಹಿಡಿದು ನಿಂತ ಮಿನಿ ನಿಲುವಿನಲ್ಲಿ ಸರಿಹೊಂದಿತು, ಶಿರಸ್ತ್ರಾಣ ಹೊಂದಲಿಲ್ಲ. “ನಮ್ಮ ದಳವಾಯಿಗೆ ಪೇಟ ಇಲ್ದಿದ್ರೆ ಹೇಗೆ?” ಎಂದರು ಮೇಷ್ಟ್ರು. ಅವರ ಮಾತು ಸರಿಯಾಗಿತ್ತು. ಹರಿತವಾದ ಕಟರಿನಿಂದ ಶಿರಸ್ತ್ರಾಣವನ್ನು ಹುಬ್ಬಿನ ಮೇಲ್ಭಾಗದವರೆಗೆ ಸ್ವಲ್ಪ ಸ್ವಲ್ಪವಾಗಿ ಸವರಿ ತೆಗೆದೆ. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್‌ನ ಎರಡು ಬಗೆಯ ಮುದ್ದೆಗಳನ್ನು ಸಮವಾಗಿ ನಾದಿ, ಅಂಟು ಕೊಂಚ ಇಳಿದ ಮೇಲೆ, ಒದ್ದೆ ಮಾಡಿದ ಟೈಲ್ಸಿನ ಮೇಲೆ ಶಾವಿಗೆ ಎಳೆಯಷ್ಟು ತೆಳ್ಳಗೆ ಹೊಸೆದೆ. ಹಣೆಯ ನಡುವಿನಿಂದ ಶುರು ಮಾಡಿ ಎಡಕ್ಕೊಂದು ಬಲಕ್ಕೊಂದು ಸುತ್ತು ಬರುವಂತೆ ಓರೆಯಾಗಿ ಸುತ್ತಿ, ನೀರಿನಲ್ಲಿ ಅದ್ದಿದ ಹೊಲಿಗೆ ಸೂಜಿಯಿಂದ ಎಳೆಗಳ ನಡುವಿನ ಮಡಿಕೆಗಳನ್ನು ಒತ್ತಿದೆ. ಸೂಜಿ ಒದ್ದೆಯಿಲ್ಲದಿದ್ದರೆ ಎಳೆಯೇ ಅದಕ್ಕೆ ಅಂಟಿಕೊಂಡು ಎದ್ದು ಬರುತ್ತದೆ. ಎಂ-ಸೀಲ್ ತುಸು ತರಿತರಿಯಾದ್ದರಿಂದ ಮುಖ, ಬೆರಳು ಮಾಡಲು ಒಗ್ಗುವುದಿಲ್ಲ, ಬಟ್ಟೆಯ ಮಡಿಕೆಗೆ ಮಾತ್ರ ಬಹಳ ಚೆನ್ನಾಗಿ ಒಗ್ಗುತ್ತದೆ. ಒಣಗಿದ ಮೇಲೆ ಕೆನೆಬಣ್ಣದ ಪೇಟಕ್ಕೆ ಜರಿಯ ಅಂಚು ಎಳೆದಾಗ ಮೇಷ್ಟ್ರು ಅದನ್ನು ಕೈಯಿಂದ ಕೆಳಗಿಡಲೇ ಇಲ್ಲ.

ಬಣ್ಣ ಹಚ್ಚಿದ ಮಿನಿಗಳನ್ನು ನಾನು ಕೊಳ್ಳದಿರುವುದಕ್ಕೂ ಇಂಥದೇ ಕಾರಣವಿದೆ. ಅವುಗಳ ಮೈಬಣ್ಣ ಬಹುತೇಕ ತಿಳಿಗುಲಾಬಿ. ನಮ್ಮ ಪಾತ್ರಗಳ ಬಣ್ಣ ಅದಲ್ಲ. ಕ್ಯಾಮೆಲ್ ಅಕ್ರಿಲಿಕ್‌ನ ಬರ್ನ್ಟ್ ಸಿಯೆನ್ನಾಗೆ ಯೆಲ್ಲೋ ಆಕರ್ ಬೆರೆಸಿ, ಹಾಲಿನ ಹದಕ್ಕೆ ತೆಳ್ಳಗೆ ಮಾಡಿ ಎರಡು ಪದರ ಹಚ್ಚುತ್ತೇನೆ. ಅದರ ಮೇಲೆ ಇನ್ನೂ ತೆಳ್ಳಗಿನ ಬರ್ನ್ಟ್ ಅಂಬರ್ ಹರಿಯಬಿಟ್ಟರೆ ಅದು ಕಣ್ಣಿನ ಕುಳಿ, ಬೆರಳ ಸಂದುಗಳಲ್ಲಿ ನಿಂತು ನೆರಳು ತಾನೇ ಮೂಡುತ್ತದೆ. ಇದಕ್ಕೆ ಮೊದಲು ಮಿನಿಯನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಬೇಕು, ಇಲ್ಲವಾದರೆ ಅಚ್ಚಿನ ಜಿಡ್ಡಿನ ಮೇಲೆ ಬಣ್ಣ ಕಚ್ಚುವುದಿಲ್ಲ. ಮಳೆಗಾಲದ ತೇವದಲ್ಲಿ ಸ್ಪ್ರೇ ವಾರ್ನಿಷ್ ಬೂದಿ ಬಳಿದಂತೆ ಬೆಳ್ಳಗಾಗುವುದರಿಂದ ಆಷಾಢ, ಶ್ರಾವಣಗಳಲ್ಲಿ ಕುಂಚದಿಂದ ಹಚ್ಚುವ ಮ್ಯಾಟ್ ವಾರ್ನಿಷನ್ನೇ ಬಳಸುತ್ತೇನೆ.

ರಾಕ್ಷಸರಿಗೂ ಪ್ರಾಣಿಗಳಿಗೂ ಇಷ್ಟು ಖರ್ಚು ಬೇಡ. ಡ್ರೂಯಿಡ್ ಪಾತ್ರ ತೋಳವಾಗಿ, ಕರಡಿಯಾಗಿ ರೂಪ ಬದಲಿಸಿದಾಗ ಸಂತೆಯಲ್ಲಿ ಸಿಗುವ ಮಕ್ಕಳ ಪ್ಲಾಸ್ಟಿಕ್ ಪ್ರಾಣಿಗಳು, ಗಾತ್ರ ನೋಡಿ ಆರಿಸಿದರೆ, ಸೊಗಸಾಗಿ ಒದಗುತ್ತವೆ. ಕಂದು ಕರಡಿಗೆ ಎರಡಂಗುಲದ ತಳ, ತೋಳಕ್ಕೆ ಒಂದಂಗುಲ. ಗುಂಪಾಗಿ ಬರುವ ಗಾಬ್ಲಿನ್‌ಗಳಿಗೆ ಇಂದಿಗೂ ನಮ್ಮ ಮೇಜಿನ ಮೇಲೆ ಹುಣಸೆ ಬೀಜಗಳೇ ಇವೆ.

ಮಂಡ್ಯದಿಂದ ಬಂದುಹೋಗುವವರು ಮಿನಿಯನ್ನು ಹೇಗೆ ಒಯ್ಯಬೇಕೆಂದು ಕೇಳುತ್ತಿರುತ್ತಾರೆ. ತಳದ ಕೆಳಗೆ ಚಿಕ್ಕ ಅಯಸ್ಕಾಂತ ಅಂಟಿಸಿ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ನಿಲ್ಲಿಸಿದರೆ ಎಷ್ಟು ಕುಲುಕಿದರೂ ಬಣ್ಣ ಉಜ್ಜಿಹೋಗುವುದಿಲ್ಲ. ಸ್ಟೀಲಿನ ಊಟದ ಡಬ್ಬಿಗಳಲ್ಲಿ ಹಲವಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ ಡಬ್ಬಿ ಆರಿಸುವಾಗ ಅಯಸ್ಕಾಂತವೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೆಯದು.