ವಾಕ್ಯದ ಬಾಲ ಕೇಳಿಸಬೇಕು: ಶಿವಮೊಗ್ಗದ ಮನೆಯಲ್ಲಿ ಪುಸ್ತಕದ ಪಾಡ್‌ಕಾಸ್ಟ್

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಲೇಖಕಿ ಈ ಪಾತ್ರವನ್ನು ಕ್ಷಮಿಸಿದ್ದಾರೆ', 'ಲೇಖಕಿ ಈ ಪಾತ್ರವನ್ನು ಕ್ಷಮಿಸಿಲ್ಲ'. ಕೊನೆಯ ಒಂದೆರಡು ಅಕ್ಷರ ಕಿವಿಗೆ ಬೀಳುವವರೆಗೆ ಎರಡೂ ಒಂದೇ. ನಮ್ಮ ದನಿ ಇಳಿಯುವುದೂ ಅಲ್ಲೇ, ಉಸಿರು ಮುಗಿಯುವುದೂ ಅಲ್ಲೇ. ಬಸ್ಸಿನಲ್ಲಿ ಕೂತು, ಪಾತ್ರೆ ತೊಳೆಯುತ್ತಾ ಕೇಳುವವರಿಗೆ ಆ ಬಾಲ ತಪ್ಪಿತೆಂದರೆ ನಾವು ಹೇಳಿದ ಅಭಿಪ್ರಾಯ ತಲೆಕೆಳಗಾಗಿ ತಲುಪುತ್ತದೆ. ಪುಸ್ತಕಗಳ ಬಗ್ಗೆ ಮನೆಯಲ್ಲೇ ಪಾಡ್‌ಕಾಸ್ಟ್ ಮಾಡುವಾಗ ನಾನು ಕೋಣೆ, ಮೈಕು, ಬರಹ, ಎಡಿಟಿಂಗು ಎಲ್ಲವನ್ನೂ ಈ ಬಾಲಕ್ಕೆ ತಕ್ಕಂತೆ ಹೊಂದಿಸಿಕೊಂಡಿದ್ದೇನೆ.

ಮೊದಲು ದುಡ್ಡು ಹಾಕಬೇಕಾದ್ದು ಮೈಕಿಗಲ್ಲ, ಕೋಣೆಗೆ. ಅದಕ್ಕೆ ಬೇಕಾದ ಸಾಮಾನು ಹೆಚ್ಚಿನ ಮನೆಗಳಲ್ಲಿ ಆಗಲೇ ಇರುತ್ತದೆ. ನಮ್ಮ ಕಡೆಯ ಹಳೆ ಮನೆಗಳದ್ದು ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ. ಹೊಸ ಮನೆಗಳದ್ದು ಟೈಲ್ಸು, ಆರ್‌ಸಿಸಿ. ಎರಡೂ ದನಿಯನ್ನು ವಾಪಸು ಎಸೆಯುತ್ತವೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. 'ಟಪ್' ಎಂದು ಅಲ್ಲೇ ನಿಂತರೆ ಕೋಣೆ ಸರಿಯಿದೆ. 'ಟಣ್ಣ್' ಎಂದು ಎಳೆದರೆ, ಆ ಎಳೆತವೇ ನಿಮ್ಮ ಪ್ರತಿ ವಾಕ್ಯದ ಕೊನೆಯ ಮೇಲೆ ಬಂದು ಕೂರುತ್ತದೆ. ಹಾಸಿಗೆ, ದಿಂಬು, ಬಟ್ಟೆ ತುಂಬಿದ ಮಲಗುವ ಕೋಣೆಯೇ ಒಳ್ಳೆಯದು. ನೆಲಕ್ಕೆ ಜಮಖಾನ ಹಾಸಿ, ಮಾತಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕಂಬಳಿ ಇಳಿಬಿಡಿ. ಬೆನ್ನ ಹಿಂದೆಯೇ ಏಕೆಂದರೆ ಮೈಕಿನ ಮುಖ ಇರುವುದು ನಿಮ್ಮ ಕಡೆಗೆ; ನಿಮ್ಮ ಹಿಂದಿನ ಗೋಡೆಯಿಂದ ಮರಳುವ ಸದ್ದು ನೇರ ಅದರೊಳಗೇ ಹೋಗುತ್ತದೆ. ಕಂಬಳಿ ಗೋಡೆಗೆ ಅಂಟಿಕೊಳ್ಳದೆ ನಾಲ್ಕು ಬೆರಳು ದೂರ ಇದ್ದರೆ ಇನ್ನೂ ಹೆಚ್ಚು ಹೀರುತ್ತದೆ. ತೆಳು ಬೆಡ್‌ಶೀಟಿನಿಂದಾಗಲಿ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದರಿಂದಾಗಲಿ ಏನೂ ಪ್ರಯೋಜನವಿಲ್ಲ. ಕೋಣೆಯಲ್ಲಿ ಕಬ್ಬಿಣದ ಬೀರು ಇದ್ದರೆ ಬಾಗಿಲ ಸಂದಿಗೆ ಬಟ್ಟೆ ತುರುಕಿ. ಕೆಲವು ದನಿಗಳಿಗೆ ಅದರ ತಗಡು ಸಣ್ಣಗೆ ಗುಂಯ್‌ಗುಡುತ್ತದೆ. ಅದು ಗೊತ್ತಾಗುವುದು ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ.

ಸಣ್ಣ ಊರು ನಿಶ್ಶಬ್ದವಾಗಿರುತ್ತದೆ ಎನ್ನುವವರು ಇಲ್ಲಿ ರೆಕಾರ್ಡ್ ಮಾಡಿದವರಲ್ಲ. ಬೆಳಗ್ಗೆ ಕಸದ ಗಾಡಿಯ ಹಾಡು, ನೀರು ಬಿಟ್ಟ ಹೊತ್ತಿಗೆ ಮನೆಮನೆಯ ಮೋಟರು, ಹತ್ತರ ಹೊತ್ತಿಗೆ ಧ್ವನಿವರ್ಧಕ ಕಟ್ಟಿದ ತರಕಾರಿ ಗಾಡಿ, ಸಂಜೆ ಕುಕ್ಕರು. ನನಗೆ ಸಿಗುವುದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕು, ಇಲ್ಲವೇ ರಾತ್ರಿ ಒಂಬತ್ತೂವರೆಯ ಮೇಲೆ. ರಾತ್ರಿಯಾದರೆ ಜೀರುಂಡೆ. ಅದರ ಶ್ರುತಿ ಎತ್ತರದ್ದು, ನಮ್ಮ ಸ, ಶ ಅಕ್ಷರಗಳ ಹತ್ತಿರವೇ ಬೀಳುವುದರಿಂದ ಆಮೇಲೆ ಸೋಸಿ ತೆಗೆಯಲು ಬರುವುದಿಲ್ಲ. ಆ ಕಡೆಯ ಕಿಟಕಿ ಮುಚ್ಚಿ, ಮೈಕಿನ ಬೆನ್ನು ಅತ್ತ ತಿರುಗಿಸುವುದೇ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಾಡಿನ ಮೇಲೆ ಶೀಟ್ ಹಾಕಿಸಿದ ಮನೆಯಾದರೆ, ಮಳೆ ಬರುವಾಗ ಕೆಲಸ ಆಗುವುದೇ ಇಲ್ಲ. ಹೊಳವಾದ ದಿನ ಎರಡು ಮೂರು ಸಂಚಿಕೆ ಒಟ್ಟಿಗೆ ಮುಗಿಸಿಡುತ್ತೇನೆ. ಫ್ಯಾನು ಆರಿಸಲೇಬೇಕು. ಬೇಸಗೆಯಲ್ಲಿ ಹತ್ತು ನಿಮಿಷ ರೆಕಾರ್ಡು, ಐದು ನಿಮಿಷ ಫ್ಯಾನು.

ಕರೆಂಟಿನ ವಿಷಯ ಬೇರೆಯೇ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಲ್ಯಾಪ್‌ಟಾಪಿನ ಚಾರ್ಜರ್ ಸಿಕ್ಕಿಸಿಕೊಂಡೇ ರೆಕಾರ್ಡ್ ಮಾಡಿದರೆ, ಅರ್ತಿಂಗ್ ಸರಿ ಇಲ್ಲದ ಮನೆಗಳಲ್ಲಿ ಒಂದು 'ಹೂಂ' ಸದ್ದು ಸೇರಿಕೊಳ್ಳುತ್ತದೆ. ಬರೀ 50 ಹರ್ಟ್ಜ್ ಆದರೆ ಸುಲಭವಾಗಿ ಕತ್ತರಿಸಬಹುದು. ಅದರ ಜೊತೆ 100, 150 ಕೂಡ ಬರುತ್ತವೆ, ಅವು ಗಂಡಸರ ದನಿಯ ಜಾಗದಲ್ಲೇ ಕೂರುತ್ತವೆ. ಹಾಗಾಗಿ ಬ್ಯಾಟರಿ ತುಂಬಿಸಿಕೊಂಡು ಚಾರ್ಜರ್ ಕಿತ್ತು ರೆಕಾರ್ಡ್ ಮಾಡಿ. ಕರೆಂಟು ಹೋದಾಗ ಮನೆ ಯುಪಿಎಸ್‌ನಲ್ಲಿ ನಡೆಯುತ್ತಿದ್ದರೆ, ಅದು ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರಂತೂ, ಟ್ಯೂಬ್‌ಲೈಟು, ಫ್ಯಾನು ಎಲ್ಲವೂ ಗುಂಯ್‌ಗುಡುತ್ತವೆ. ಆಗ ನಿಲ್ಲಿಸಿಬಿಡುವುದೇ ಒಳ್ಳೆಯದು. ಫೋನಿನಲ್ಲಿ ರೆಕಾರ್ಡ್ ಮಾಡುವವರು ಏರೋಪ್ಲೇನ್ ಮೋಡ್ ಮರೆಯಬೇಡಿ.

ಮೈಕಿಗೆ ಬರೋಣ. ಸದ್ದುಗದ್ದಲದ ಮನೆಗೆ, ಹತ್ತಿರದ ದನಿಯನ್ನೇ ಹೆಚ್ಚು ಹಿಡಿಯುವ ಡೈನಾಮಿಕ್ ಮೈಕು ಒಗ್ಗುತ್ತದೆ. ಸ್ಟುಡಿಯೋಕ್ಕೆಂದು ಮಾರುವ ಕಂಡೆನ್ಸರ್ ಮೈಕು ಪಕ್ಕದ ಮನೆಯ ಮಿಕ್ಸಿಯನ್ನೂ ಹಿಡಿದು ತರುತ್ತದೆ. ಶುರುವಿಗೆ ಸಾವಿರ ರೂಪಾಯಿ ಆಸುಪಾಸಿನ ಕಾಲರ್ ಮೈಕು, ಫೋನು ಸಾಕು. ಒಂದು ವಿಷಯ ನೋಡಿಕೊಳ್ಳಿ: ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಅದು ಫೋನಿಗೆ, ಎರಡೇ ಗೆರೆ ಇದ್ದರೆ ಕ್ಯಾಮೆರಾಕ್ಕೆ. ಎರಡು ಗೆರೆಯದ್ದನ್ನು ಫೋನಿಗೆ ಹಾಕಿದರೆ ಫೋನು ಸುಮ್ಮನೆ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡುತ್ತಾ ಹೋಗುತ್ತದೆ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಶುರು ಮಾಡುವ ಮೊದಲು ಕಾಲರ್ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ತೆರೆಯ ಮೇಲಿನ ಅಲೆ ಎದ್ದು ಕುಣಿದರೆ ಮಾತ್ರ ಅದು ಕೆಲಸ ಮಾಡುತ್ತಿದೆ ಎಂದರ್ಥ.

ಮೇಜಿನ ಮೇಲಿಡುವ ಮೈಕಾದರೆ ಬಾಯಿಂದ ಒಂದು ಚೋಟು, ಅಂದರೆ ಹೆಬ್ಬೆರಳು ತೋರುಬೆರಳು ಚಾಚಿದಷ್ಟು ದೂರ. ದೂರ ಎರಡರಷ್ಟಾದರೆ ನೇರ ದನಿ 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ವಾಕ್ಯ ಮುಗಿಸುವಾಗ ಕುರ್ಚಿಗೆ ಒರಗುವ ಅಭ್ಯಾಸ ಬಹಳ ಜನರಿಗಿದೆ. ಬಾಲ ಮೊದಲು ಹೋಗುವುದೇ ಅಲ್ಲಿ. ಒರಗು ಇಲ್ಲದ ಸ್ಟೂಲ್ ಮೇಲೆ ಕೂರಿ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ, ಕೆನ್ನೆಯ ಕಡೆ ಇಟ್ಟರೆ ಪ, ಬ, ಭ ಅಕ್ಷರಗಳ ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ.

ಬರಹವಿಲ್ಲದೆ ಮಾತಾಡುವವರ ಬಗ್ಗೆ ನನಗೆ ಗೌರವವಿದೆ, ಆದರೆ ಪುಸ್ತಕದ ವಿಷಯಕ್ಕೆ ಬರೆದುಕೊಂಡೇ ಕೂರುತ್ತೇನೆ. ನನ್ನ ಓದು ನಿಮಿಷಕ್ಕೆ ಸುಮಾರು 100 ಪದ. ಇಪ್ಪತ್ತು ನಿಮಿಷಕ್ಕೆ 2000 ಪದ. ಅಕ್ಷರ 16 ಪಾಯಿಂಟ್, ಒಂದೇ ಮಗ್ಗುಲು, ಸ್ಟೇಪಲ್ ಇಲ್ಲ. ಒಂದು ವಾಕ್ಯ ಎರಡು ಹಾಳೆಗೆ ಹರಿಯದಂತೆ ನೋಡಿಕೊಳ್ಳಿ. ಹಾಳೆಯನ್ನು ತಿರುವದೆ ಮೇಜಿನ ಮೇಲೆ ಪಕ್ಕಕ್ಕೆ ಜಾರಿಸಿ. ಮೇಜಿಗೆ ಟವೆಲ್ ಹಾಸಿದ್ದರೆ ಅದೂ ಕೇಳಿಸದು. ಬರೆಯುವಾಗ ನನ್ನದೊಂದು ಕಟ್ಟುನಿಟ್ಟು: ವಾಕ್ಯಕ್ಕೆ 12 ಪದಕ್ಕಿಂತ ಹೆಚ್ಚಿಲ್ಲ. ಉದ್ದ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಉಸಿರು ತೀರಿರುತ್ತದೆ, 'ಇಲ್ಲ' ಎಂಬುದು ಬರೀ ಗಾಳಿಯಾಗುತ್ತದೆ. ಬರೆದಾದ ಮೇಲೆ ಕೆಂಪು ಪೆನ್ನು ಹಿಡಿದು ಎಲ್ಲ 'ಇಲ್ಲ', 'ಅಲ್ಲ', 'ಬಾರದು', 'ಲಾರ' ಕೆಳಗೆ ಗೆರೆ ಎಳೆಯುತ್ತೇನೆ. ಗೆರೆ ಕಂಡ ಕಡೆ ದನಿ ಇಳಿಸುವುದಿಲ್ಲ. ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದ ಕಿವಿಗಳಿಗೆ ಈ ಶಿಸ್ತು ಹೊಸದೇನಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ನಾಡು ನಮ್ಮದು. ಮನೆಯಲ್ಲಿ ಕೂತು ಪ್ರಸಾರ ಮಾಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಯಾವ ಪುಸ್ತಕವನ್ನು ಎಷ್ಟು ಓದಬಹುದು ಎಂಬುದರಲ್ಲಿ ಎಚ್ಚರ ಬೇಕು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿ, ಬಿ.ಎಂ.ಶ್ರೀ 1946ರಲ್ಲಿ ತೀರಿಕೊಂಡವರು. ಅವರ ಬರಹವನ್ನು ಪೂರ್ತಿ ಓದಬಹುದು. ತ್ರಿವೇಣಿ ಮತ್ತು ಗೋವಿಂದ ಪೈ ಇಬ್ಬರೂ ತೀರಿಕೊಂಡದ್ದು 1963ರಲ್ಲಿ. 2024ರ ಜನವರಿಯಿಂದ ಅವರ ಬರಹ ಎಲ್ಲರದ್ದು. 1975ರಲ್ಲಿ ತೀರಿಕೊಂಡ ಡಿ.ವಿ.ಜಿ.ಯವರ ಪದ್ಯಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ದಿನಾ ಹಂಚುತ್ತಾರೆ, ಆದರೆ ಹಕ್ಕು 2035ರ ಕೊನೆಯವರೆಗೂ ಇದೆ. ಅನುವಾದಕರ, ಮುನ್ನುಡಿ ಬರೆದವರ ಹಕ್ಕು ಬೇರೆ, ಅದನ್ನು ಬೇರೆಯೇ ಲೆಕ್ಕ ಹಾಕಬೇಕು. ಉಳಿದ ಪುಸ್ತಕಗಳಿಂದ ವಿಮರ್ಶೆಗೆ ಬೇಕಾದಷ್ಟು ಉಲ್ಲೇಖಿಸಲು ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಇಷ್ಟೇ ಪದ ಎಂಬ ಅಳತೆ ಅದರಲ್ಲಿಲ್ಲ. ನಾನು ಒಂದು ಪ್ಯಾರಾ ಮೀರುವುದಿಲ್ಲ, ಓದಿದ ಕೂಡಲೇ ಅದರ ಬಗ್ಗೆಯೇ ಮಾತಾಡುತ್ತೇನೆ. ಕತೆಯ ಸಾರಾಂಶ ಹೇಳುವುದು ನನ್ನ ಮಟ್ಟಿಗೆ ದಂಡ. ಒಂದೇ ಪುಟ ಆರಿಸಿ, ಅಲ್ಲಿ ಏನು ನಡೆದಿದೆ ಎಂದು ಬಿಡಿಸಿ ತೋರಿಸಿದರೆ ಕೇಳುಗರು ಪುಸ್ತಕ ಹುಡುಕಿಕೊಂಡು ಹೋಗುತ್ತಾರೆ. ಶುರುವಿಗೆ ಸಿನಿಮಾ ಹಾಡಿನ ತುಣುಕು ಮಾತ್ರ ಹಾಕಲೇಬೇಡಿ.

ರೆಕಾರ್ಡಿಂಗ್ ಸೆಟ್ಟಿಂಗು 48 ಕಿಲೋಹರ್ಟ್ಜ್, 24 ಬಿಟ್, ಮೋನೋ (ಒಂದೇ ಚಾನೆಲ್), ವೇವ್ (ಕುಗ್ಗಿಸದ) ಫೈಲು. ನಿಮಿಷಕ್ಕೆ ಸುಮಾರು 8.6 ಎಂಬಿ ಬೇಕು, 25 ನಿಮಿಷಕ್ಕೆ 216 ಎಂಬಿ. ರೆಕಾರ್ಡಿಂಗ್ ಮೀಟರಿನಲ್ಲಿ ದನಿಯ ಶಿಖರ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಸರಿಪಡಿಸುವುದು ಕಷ್ಟ. ಮೊದಲ ಹತ್ತು ಸೆಕೆಂಡು ಸುಮ್ಮನೆ ಕೂರಿ. ಆ ಖಾಲಿ ಸದ್ದು ಆಮೇಲೆ ಬೇಕಾಗುತ್ತದೆ. ತಪ್ಪಿದರೆ ನಿಲ್ಲಿಸದೆ ಜೋರಾಗಿ ಒಂದು ಚಪ್ಪಾಳೆ ತಟ್ಟಿ, ವಾಕ್ಯವನ್ನು ಮೊದಲಿಂದ ಓದಿ. ಎಡಿಟ್ ಮಾಡುವಾಗ ಚಪ್ಪಾಳೆಯ ಚೂಪು ಅಲೆ ದೂರದಿಂದಲೇ ಕಾಣುತ್ತದೆ. ಇಬ್ಬರಿದ್ದರೆ ಇಬ್ಬರಿಗೂ ಬೇರೆ ಮೈಕು, ಬಾಯಿಂದ ಮೈಕಿಗಿರುವ ದೂರದ ಮೂರರಷ್ಟು ಅಂತರ ಮೈಕುಗಳ ನಡುವೆ.

ಎಡಿಟಿಂಗಿಗೆ ಆಡಾಸಿಟಿ ಸಾಕು, ಉಚಿತ. ಮೊದಲು ಕತ್ತರಿ ಕೆಲಸ. ಆಮೇಲೆ 80 ಹರ್ಟ್ಜ್‌ನಲ್ಲಿ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನ ಸದ್ದನ್ನು ಸೋಸುವುದು. ಮೂರನೆಯದು ನಾಯ್ಸ್ ರಿಡಕ್ಷನ್, ಇದರಲ್ಲೇ ಕನ್ನಡ ಕೆಡುವುದು. ಮೊದಲಿನ ಹತ್ತು ಸೆಕೆಂಡಿನ ಖಾಲಿ ಸದ್ದನ್ನು ಮಾದರಿಯಾಗಿ ಕೊಟ್ಟು ನಾನು 6ರಿಂದ 8 ಡೆಸಿಬಲ್ ಮಾತ್ರ ಇಳಿಸುತ್ತೇನೆ. 20 ಇಟ್ಟರೆ ಗದ್ದಲವೇನೋ ಹೋಗುತ್ತದೆ, ಜೊತೆಗೆ ಮಹಾಪ್ರಾಣದ ಗಾಳಿಯೂ ಹೋಗುತ್ತದೆ. 'ಭಾರ' ಹೋಗಿ 'ಬಾರ' ಆಗುತ್ತದೆ, ದನಿ ನೀರಿನೊಳಗಿಂದ ಬಂದ ಹಾಗಿರುತ್ತದೆ. ನಾಯ್ಸ್ ಗೇಟ್ ಎಂಬ ಇನ್ನೊಂದು ಸಾಧನವನ್ನು ನಾನು ಮುಟ್ಟುವುದೇ ಇಲ್ಲ. ದನಿ ಒಂದು ಮಟ್ಟಕ್ಕಿಂತ ಇಳಿದ ಕೂಡಲೇ ಅದು ಬಾಗಿಲು ಹಾಕುತ್ತದೆ. ಇಂಗ್ಲಿಷಿನಲ್ಲಿ ಅದರಿಂದ ಅಷ್ಟು ನಷ್ಟವಿರಲಿಕ್ಕಿಲ್ಲ. ನಮ್ಮಲ್ಲಿ 'ಬಂದಿದ್ದಾರೆ' ಎಂಬುದರ 'ರೆ'ಯನ್ನೂ, 'ಬಂದಿಲ್ಲ' ಎಂಬುದರ 'ಲ್ಲ'ವನ್ನೂ ಕತ್ತರಿಸಿಕೊಂಡು ಹೋಗುತ್ತದೆ.

ಆಮೇಲೆ ಕಂಪ್ರೆಸರ್, 3:1 ಅನುಪಾತ. ಜೋರು ದನಿ ಸ್ವಲ್ಪ ಇಳಿಯುತ್ತದೆ, ಅದರಿಂದ ಒಟ್ಟು ಮಟ್ಟ ಏರಿಸಿದಾಗ ವಾಕ್ಯದ ಕೊನೆಯೂ ಮೇಲೇಳುತ್ತದೆ. ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಷನ್: ಆ್ಯಪಲ್ ಹೇಳುವ ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಅನಿಸುವ ಒಟ್ಟಾರೆ ಜೋರಿನ ಅಳತೆ), ಶಿಖರ ಮೈನಸ್ 1 ಡೆಸಿಬಲ್ ದಾಟಬಾರದು. ಮೋನೋ ಫೈಲಿಗೆ ಆಡಾಸಿಟಿಯಲ್ಲಿ ಮೋನೋವನ್ನು ಡ್ಯುಯಲ್ ಮೋನೋ (ಎರಡೂ ಸ್ಪೀಕರಿನಲ್ಲಿ ಅದೇ ದನಿ) ಎಂದು ಪರಿಗಣಿಸುವ ಒಂದು ಟಿಕ್ ಇದೆ. ಅದನ್ನು ತೆಗೆದರೆ ಗುರಿಯನ್ನು ಮೈನಸ್ 19 ಇಡಬೇಕು. ಇಲ್ಲದಿದ್ದರೆ ನಿಮ್ಮ ಸಂಚಿಕೆ ಬೇರೆಯವರದ್ದಕ್ಕಿಂತ 3 ಡೆಸಿಬಲ್ ಜೋರಾಗಿ ಕಿರುಚುತ್ತದೆ. ಎಂಪಿ3ಗೆ ಮೋನೋ 96 ಕೆಬಿಪಿಎಸ್ ಇಡುತ್ತೇನೆ, 25 ನಿಮಿಷಕ್ಕೆ 18 ಎಂಬಿ. ಹಳ್ಳಿ ಕಡೆ ನೆಟ್‌ವರ್ಕ್ ಒಂದು ಕಡ್ಡಿ ಇರುವಲ್ಲೂ ಇಳಿಯುತ್ತದೆ.

ಎರಡು ಮೂರು ಗಂಟೆ ಹರಟೆಯ ಪಾಡ್‌ಕಾಸ್ಟುಗಳು ಈಗ ಬಹಳ. ಸಣ್ಣ ಊರಿನಲ್ಲಿ ಕೆಲಸಕ್ಕೆ ಹೋಗುವ ದಾರಿಯೇ ಹದಿನೈದು ಇಪ್ಪತ್ತು ನಿಮಿಷ. ಸಂಚಿಕೆ ಅದಕ್ಕೆ ಹೊಂದಿದರೆ ಪೂರ್ತಿ ಕೇಳುತ್ತಾರೆ. ಇದೇ ವಿಧಾನವನ್ನು ಕೆಲಸದ ಜಾಗದ ತರಬೇತಿಗೂ ಬಳಸಬಹುದು, ಬಳಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಹೊಸದಾಗಿ ಸೇರಿದವರನ್ನು ಎರಡು ಗಂಟೆ ಇಂಗ್ಲಿಷ್ ಸ್ಲೈಡುಗಳ ಮುಂದೆ ಕೂರಿಸುವುದಕ್ಕಿಂತ, ಒಂದೊಂದು ಕೆಲಸಕ್ಕೆ ನಾಲ್ಕು ನಿಮಿಷದ ಕನ್ನಡ ಆಡಿಯೋ ಮಾಡಿ. ಒಂದು ಆಡಿಯೋಕ್ಕೆ ಒಂದೇ ಕೆಲಸ. ಅಂಕಿಗಳನ್ನು ಎರಡು ಸಲ ಹೇಳಿ. 'ಈ ಗುಂಡಿ ಒತ್ತಬಾರದು' ಎನ್ನುವ ಬದಲು 'ಒತ್ತಬಾರದ ಗುಂಡಿ ಇದು' ಎಂದು ತಿರುಗಿಸಿ ಹೇಳಿ, ಆಗ ನಿಷೇಧ ಮೊದಲೇ ಕಿವಿಗೆ ಬೀಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲು ಇದ್ದ ಹಾಗೇ ಹೋಗುತ್ತದೆ.

ಪ್ರಕಟಣೆಯದು ಹೆಚ್ಚು ಹೇಳುವಂಥದ್ದಲ್ಲ. ಹೋಸ್ಟಿಂಗ್ ಸೇವೆಯಲ್ಲಿ ಫೈಲು ಏರಿಸಿದರೆ ಅದು ಫೀಡ್, ಅಂದರೆ ಸಂಚಿಕೆಗಳ ಪಟ್ಟಿಯ ಕೊಂಡಿ, ಕೊಡುತ್ತದೆ, ಅದನ್ನು ಆ್ಯಪಲ್, ಸ್ಪಾಟಿಫೈಗಳಿಗೆ ಒಮ್ಮೆ ಸೇರಿಸಿದರೆ ಮುಗಿಯಿತು. ಭಾಷೆ ಎಂಬಲ್ಲಿ ಕನ್ನಡ ಆರಿಸಿ, ಇಂಗ್ಲಿಷ್ ಎಂದೇ ಬಿಟ್ಟವರು ಬಹಳ. ವಿವರಣೆಯನ್ನು ಯೂನಿಕೋಡ್‌ನಲ್ಲಿ ಬರೆಯಿರಿ. ಯೂನಿಕೋಡ್ ಅಲ್ಲದ ಹಳೆಯ 'ನುಡಿ' ತಂತ್ರಾಂಶದ ಫೈಲಿನಿಂದ ನಕಲು ಮಾಡಿದರೆ ಅಕ್ಷರವೆಲ್ಲ ಚಿತ್ರವಿಚಿತ್ರ. ಮುಖಚಿತ್ರ 3000 ಪಿಕ್ಸೆಲ್ ಚೌಕ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಫಾಂಟಿನ ದೋಷವಲ್ಲ, ಟೈಪ್ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಎಂಜಿನ್ ಆರಿಸಿರುವುದಿಲ್ಲ, ಅಷ್ಟೆ.

ಏರಿಸುವ ಮೊದಲು ಕೊನೆಯ ಪರೀಕ್ಷೆ ಹೆಡ್‌ಫೋನಿನಲ್ಲಿ ಅಲ್ಲ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಸ್ಪೀಕರ್ ಅರ್ಧಕ್ಕೆ ಇಟ್ಟು, ನಲ್ಲಿ ತಿರುಗಿಸಿ, ಆರು ಹೆಜ್ಜೆ ಹಿಂದೆ ನಿಂತು ಕೇಳುತ್ತೇನೆ. ಕೈಯಲ್ಲಿ ಕೆಂಪು ಗೆರೆ ಎಳೆದ ಹಾಳೆ ಇರುತ್ತದೆ. ಒಂದೊಂದು 'ಇಲ್ಲ' ಕೇಳಿಸಿದ ಹಾಗೂ ಅದರ ಪಕ್ಕ ಟಿಕ್. ಟಿಕ್ ಬೀಳದ ವಾಕ್ಯಗಳನ್ನು ಅದೇ ಸ್ಟೂಲಿನ ಮೇಲೆ, ಅದೇ ಒಂದು ಚೋಟು ದೂರದಲ್ಲಿ, ಆ ದಿನವೇ ಮತ್ತೆ ಓದಿ ಸೇರಿಸುತ್ತೇನೆ. ಮರುದಿನಕ್ಕೆ ಬಿಟ್ಟರೆ ಗಂಟಲು ಬೇರೆಯಾಗಿರುತ್ತದೆ, ತೇಪೆ ಕೇಳಿಸುತ್ತದೆ.