ನಾಲೆ ಪಕ್ಕದ ಊರಿಗೆ ಹೊರಟವರಿಗೆ

ಬೆಂಗಳೂರಿನ ಬಾಡಿಗೆ ಸಾಕಾಗಿ, ಮಂಡ್ಯ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹತ್ತಿರ ಏನಾದರೂ ಮಾಡೋಣ ಅಂತ ಗ್ರೂಪಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಮೊದಲು ಊರಿನ ನೀರುಗಂಟಿಯನ್ನು (ಗದ್ದೆಗಳಿಗೆ ನಾಲೆ ನೀರು ಬಿಡುವವನನ್ನು) ಮಾತಾಡಿಸಿ, ಬ್ರೋಕರ್ ಆಮೇಲೆ. ಜಮೀನು ನಾಲೆಯ ಶುರುವಿನಲ್ಲಿದೆಯೋ ಕೊನೆಯಲ್ಲಿದೆಯೋ ಕೇಳಿ. ನಾಲೆಗೆ ನೀರು ಕೊಡುವ ಕೆ.ಆರ್.ಎಸ್. ಅಣೆಕಟ್ಟು ತುಂಬದ ವರ್ಷ ನೀರನ್ನು ಸರದಿ ಮೇಲೆ ಬಿಡುತ್ತಾರೆ. ಕೊನೆ ಭಾಗದವರಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 2023ರ ಬರದಲ್ಲಿ ನಮ್ಮ ಚಿಕ್ಕಪ್ಪ ನಾಟಿಯನ್ನೇ ಮಾಡಲಿಲ್ಲ.

ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ನಿಜ. ಆದರೆ ಪಹಣಿಯ (ಜಮೀನಿನ ಸರ್ಕಾರಿ ದಾಖಲೆಯ) 11ನೇ ಕಾಲಂ ನೋಡದೆ ಅಡ್ವಾನ್ಸ್ ಕೊಡಬೇಡಿ. ಸಾಲ, ಋಣ ಅಲ್ಲೇ ಕಾಣುತ್ತದೆ.

ನನ್ನ ಕೇಳಿದರೆ, ಮೊದಲ ವರ್ಷ ಜಮೀನೇ ಬೇಡ. ಊರಲ್ಲಿ ಮನೆ ಬಾಡಿಗೆಗೆ ಹಿಡಿಯಿರಿ. ಆಲೆಮನೆಯಲ್ಲಿ ನಿಂತು ಬೆಲ್ಲ ಮಾಡೋದನ್ನು ಕಣ್ಣಾರೆ ನೋಡಿ. ತೀರಾ ಹಳದಿ, ಬಿಳಿ ಅಚ್ಚು ಬೇಡ, ಕೆಮಿಕಲ್ ಹಾಕಿರಬಹುದು. ಕಂದು ಬಣ್ಣದ್ದನ್ನೇ ತಂದು ಪ್ಯಾಕ್ ಮಾಡಿ ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಮಾರಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾತ್ರ ಮರೆಯಬೇಡಿ. ಮಳೆಗಾಲದಲ್ಲಿ ಬೆಲ್ಲ ಬೇಗ ನೀರು ಬಿಡುತ್ತದೆ, ಜಾಸ್ತಿ ಸ್ಟಾಕ್ ಇಡಬೇಡಿ. ಮೋಟರ್ ರಿಪೇರಿ ಗೊತ್ತಿದ್ದವರಿಗಂತೂ ಅಲ್ಲಿ ಕೆಲಸಕ್ಕೆ ಬರವಿಲ್ಲ.